ಕ್ಲಿಕ್ ಅಂತು, ಗಾಡಿ ಹೊರಡಲಿಲ್ಲ: ಬ್ಯಾಟರಿ ಟ್ರ್ಯಾಕ್ಟರಿನಲ್ಲಿ ದೋಷ ಹುಡುಕುವುದು ಹೇಗೆ?

ಕೀಲಿ ತಿರುಗಿಸಿದೆ. ಪೆಡಲ್ ಒತ್ತಿದೆ. ಸೀಟಿನ ಕೆಳಗೆಲ್ಲೋ ‘ಕ್ಲಿಕ್’ ಅಂತು. ಅಷ್ಟೇ. ಅರ್ಧ ಕತ್ತರಿಸಿದ ಹುಲ್ಲಿನ ನಡುವೆ ಟ್ರ್ಯಾಕ್ಟರ್ ಬಂಡೆಯ ಹಾಗೆ ಕೂತಿತ್ತು. ಆಮೇಲೆ ನಾನು ಮಾಡಿದ್ದು, ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದನ್ನೇ. ಬ್ಯಾಟರಿ ಹೋಗಿದೆ ಅಂದುಕೊಂಡು ಎರಡು ಹೊಸದು ತಂದು ಹಾಕಿದೆ. ಮತ್ತೆ ಕೀಲಿ ತಿರುಗಿಸಿದೆ. ಕ್ಲಿಕ್. ಮತ್ತೆ ಅಷ್ಟೇ.

ಪೆಟ್ರೋಲ್ ಎಂಜಿನ್ ಕೆಟ್ಟರೆ ಏನಾದರೂ ಸುಳಿವು ಕೊಡುತ್ತದೆ. ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ವಾಸನೆ ಬರುತ್ತದೆ. ಬ್ಯಾಟರಿ ಗಾಡಿ ಹಾಗಲ್ಲ, ಸುಮ್ನೆ ನಿಂತುಬಿಡುತ್ತದೆ. ಹಾಗಾಗಿ ಎಂಜಿನ್ ಬಿಚ್ಚಿ ಜೋಡಿಸಬಲ್ಲವರೂ ಇದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಇದರೊಳಗಿನ ಭಾಗಗಳು ಎಂಜಿನ್‌ಗಿಂತ ಬಹಳ ಕಡಿಮೆ. ಒಂದು ಸಾಧಾರಣ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯುವ ಸಣ್ಣ ಮೀಟರ್) ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಹೆಚ್ಚಿನ ದೋಷಗಳನ್ನು ನಾವೇ ಹಿಡಿಯಬಹುದು.

ಈ ಗಾಡಿಗಳು ಇವತ್ತಿನವಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1969ರಲ್ಲೇ ‘ಎಲೆಕ್-ಟ್ರ್ಯಾಕ್’ ಹೆಸರಿನ ತೋಟದ ಟ್ರ್ಯಾಕ್ಟರ್ ಮಾರಾಟಕ್ಕೆ ಬಿಟ್ಟಿತ್ತು. ಅದರ ದೊಡ್ಡ ಮಾದರಿಗಳಲ್ಲಿ 6 ವೋಲ್ಟಿನ 6 ಬ್ಯಾಟರಿಗಳು ಸಾಲಾಗಿ ಸೇರಿ 36 ವೋಲ್ಟ್ ಕೊಡುತ್ತಿದ್ದವು. ಹೊಸ ಗಾಡಿಗಳಲ್ಲಿ ಸೀಸದ ಬ್ಯಾಟರಿಯ ಜಾಗಕ್ಕೆ ಲಿಥಿಯಂ ಬಂದಿದೆ, ಸ್ವಿಚ್ಚುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂದಿದೆ. ದೋಷ ಹುಡುಕುವ ಬಗೆ ಮಾತ್ರ ಬಹುಮಟ್ಟಿಗೆ ಹಳೆಯದೇ. ಇಲ್ಲಿ 36 ವೋಲ್ಟಿನ, ಸೀಸದ ಬ್ಯಾಟರಿಯ ಗಾಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಲಿಥಿಯಂ ವಿಷಯ ಕೊನೆಗೆ ನೋಡೋಣ.

ಒಳಗೆ ಎರಡು ದಾರಿಗಳಿವೆ

ಮುಚ್ಚಳ ತೆಗೆದರೆ ದಪ್ಪ ವೈರು, ಸಣ್ಣ ವೈರು ಎಲ್ಲ ಹೆಣೆದುಕೊಂಡು ಕಾಣುತ್ತವೆ. ಗಾಬರಿ ಬೇಡ. ಅದನ್ನು ಎರಡು ದಾರಿಗಳಾಗಿ ಬಿಡಿಸಿಕೊಳ್ಳಿ.

ಒಂದು ದೊಡ್ಡ ದಾರಿ. ಬ್ಯಾಟರಿಯಿಂದ ದಪ್ಪ ಕೇಬಲ್ ಹೊರಟು, ಫ್ಯೂಸ್ ದಾಟಿ, ಕಾಂಟ್ಯಾಕ್ಟರ್ ದಾಟಿ, ಮೋಟರ್ ಸೇರಿ, ಮತ್ತೆ ಬ್ಯಾಟರಿಗೆ ಬರುತ್ತದೆ. ಗಾಡಿ ಎಳೆಯುವ ಶಕ್ತಿಯೆಲ್ಲ ಹರಿಯುವುದು ಇದರಲ್ಲೇ. ಇನ್ನೊಂದು ಸಣ್ಣ ದಾರಿ. ಕೀಲಿ, ಸೀಟಿನ ಸ್ವಿಚ್, ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್, ಇವೆಲ್ಲ ತೆಳು ವೈರಿನಲ್ಲಿ ಒಂದರ ಹಿಂದೊಂದು ಕೂತಿರುತ್ತವೆ. ಈ ದಾರಿಯಲ್ಲಿ ಹರಿಯುವ ಕರೆಂಟ್ ತೀರಾ ಕಡಿಮೆ. ಇದರ ಕೆಲಸ ಅಪ್ಪಣೆ ಕೊಡುವುದು ಮಾತ್ರ.

ಎರಡೂ ದಾರಿ ಸೇರುವ ಜಾಗವೇ ಕಾಂಟ್ಯಾಕ್ಟರ್. ಕಾಂಟ್ಯಾಕ್ಟರ್ ಅಂದರೆ ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್. ಸಣ್ಣ ದಾರಿಯ ಕರೆಂಟ್ ಅದರ ಕಾಯಿಲಿಗೆ, ಅಂದರೆ ವೈರಿನ ಸುರುಳಿಗೆ, ಹೋದಾಗ ಒಳಗಿನ ಲೋಹದ ಪಟ್ಟಿ ಎಳೆದುಕೊಂಡು ದೊಡ್ಡ ದಾರಿಯನ್ನು ಜೋಡಿಸುತ್ತದೆ. ನಮಗೆ ಕೇಳುವ ‘ಕ್ಲಿಕ್’ ಅದೇ. ಹಾಗಾಗಿ ಈ ಸದ್ದು ದೊಡ್ಡ ಸುಳಿವು. ಕ್ಲಿಕ್ ಬಂದರೆ ಸಣ್ಣ ದಾರಿ ತನ್ನ ಕೆಲಸ ಮಾಡಿದೆ, ದೋಷ ದೊಡ್ಡ ದಾರಿಯಲ್ಲಿದೆ. ಕ್ಲಿಕ್ ಬರದಿದ್ದರೆ ಸಾಮಾನ್ಯವಾಗಿ ಸಣ್ಣ ದಾರಿಯಲ್ಲೇ ಹುಡುಕಬೇಕು. ಒಂದೇ ಕ್ಲಿಕ್ ಬದಲು ಟಕಟಕಟಕ ಎಂದು ಬಡಿದುಕೊಂಡರೆ? ಕಾಂಟ್ಯಾಕ್ಟರ್ ಮುಚ್ಚಿದೊಡನೆ ಮೋಟರ್ ಕರೆಂಟ್ ಎಳೆಯುತ್ತದೆ, ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಕಾಯಿಲಿಗೆ ಹಿಡಿದಿಡುವ ಶಕ್ತಿ ಸಾಲದೆ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಮುಚ್ಚುತ್ತದೆ. ಬ್ಯಾಟರಿ ಸೋತಿದೆ, ಇಲ್ಲವೇ ಬ್ಯಾಟರಿಗಳ ನಡುವಿನ ಜೋಡಣೆ ಕೆಟ್ಟಿದೆ ಎಂದರ್ಥ.

ಇಷ್ಟು ತಿಳಿದಿದ್ದರೆ ನಾನು ಆ ಎರಡು ಬ್ಯಾಟರಿ ತರುತ್ತಲೇ ಇರಲಿಲ್ಲ.

ಮೂರು ಪದ, ಒಂದು ನೀರಿನ ಕೊಳವೆ

ಮುಂದೆ ಹೋಗುವ ಮುಂಚೆ ಮೂರು ಪದ ಸ್ಪಷ್ಟವಾಗಲಿ. ಎತ್ತರದ ಟ್ಯಾಂಕಿನಿಂದ ಕೊಳವೆಯಲ್ಲಿ ನೀರು ಇಳಿಯುತ್ತಿದೆ ಅಂದುಕೊಳ್ಳಿ. ನೀರನ್ನು ತಳ್ಳುವ ಒತ್ತಡವೇ ವೋಲ್ಟೇಜ್, ಅದರ ಅಳತೆ ವೋಲ್ಟ್. ಎಷ್ಟು ನೀರು ಹರಿಯುತ್ತಿದೆ ಅನ್ನುವುದು ಕರೆಂಟ್, ಅದರ ಅಳತೆ ಆಂಪಿಯರ್. ಕೊಳವೆಯಲ್ಲಿ ಕಸ ಕಟ್ಟಿಕೊಂಡು ಹರಿವಿಗೆ ಆಗುವ ಅಡ್ಡಿಯೇ ರೆಸಿಸ್ಟನ್ಸ್, ಅದರ ಅಳತೆ ಓಮ್.

ಈಗ ಕೊಳವೆಯ ತುದಿಯ ನಲ್ಲಿ ಮುಚ್ಚಿ ಒತ್ತಡ ಅಳೆಯಿರಿ. ನಡುವೆ ಎಷ್ಟೇ ಕಸ ಕಟ್ಟಿರಲಿ, ಒತ್ತಡ ಪೂರ್ತಿ ತೋರಿಸುತ್ತದೆ, ಯಾಕೆಂದರೆ ನೀರು ಹರಿಯುತ್ತಲೇ ಇಲ್ಲ. ನಲ್ಲಿ ತಿರುಗಿಸಿದರೆ ಮಾತ್ರ ಬಣ್ಣ ಬಯಲಾಗುತ್ತದೆ, ಒತ್ತಡ ಸೊರಗಿ ಹನಿ ಹನಿ ತೊಟ್ಟಿಕ್ಕುತ್ತದೆ. ಕರೆಂಟಿನ ಕಥೆಯೂ ಇದೇ. ನಿಂತ ಗಾಡಿಯಲ್ಲಿ ಮೀಟರ್ ಹಿಡಿದು “ವೋಲ್ಟೇಜ್ ಬರ್ತಿದೆಯಲ್ಲ” ಅಂದರೆ ಏನೂ ತಿಳಿದ ಹಾಗಾಗಲಿಲ್ಲ. ಕರೆಂಟ್ ಹರಿಯುತ್ತಿರುವಾಗ ಎಷ್ಟು ವೋಲ್ಟೇಜ್ ಉಳಿದಿದೆ, ಎಲ್ಲಿ ಕಳೆದುಹೋಯಿತು ಅನ್ನುವುದೇ ಪ್ರಶ್ನೆ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡಬೇಕೆಂದರೆ ಅದು ಇದು.

ಒಂದು ಸಣ್ಣ ಲೆಕ್ಕ ನೋಡಿ. ಏರು ಹತ್ತುವಾಗ ಗಾಡಿ 100 ಆಂಪಿಯರ್ ಎಳೆಯುತ್ತಿದೆ. ಒಂದು ನಟ್ಟು ಸಡಿಲವಾಗಿ ಅಲ್ಲಿ 0.01 ಓಮ್ ಅಡ್ಡಿ ಹುಟ್ಟಿದೆ. ಓಮ್‌ನ ನೂರನೇ ಒಂದು ಪಾಲು, ಸಾಧಾರಣ ಮೀಟರ್ ಇಷ್ಟನ್ನು ಸರಿಯಾಗಿ ಅಳೆಯಲಾರದು. ಆದರೆ ಅಲ್ಲಿ 1 ವೋಲ್ಟ್ ಕಳೆದುಹೋಗುತ್ತದೆ ಮತ್ತು 100 ವಾಟ್ ಶಾಖ ಏಳುತ್ತದೆ. ಅಂದರೆ ಒಂದು ನಟ್ಟಿನ ಕೆಳಗೆ ನೂರು ವಾಟಿನ ಹಳೇ ಬಲ್ಬು ಉರಿದ ಹಾಗೆ. ಟರ್ಮಿನಲ್ ಕರಗುವುದು, ವೈರಿನ ಸಿಪ್ಪೆ ಕಪ್ಪಾಗುವುದು ಹೀಗೆಯೇ.

ಕೈ ಹಾಕುವ ಮುಂಚೆ

36 ವೋಲ್ಟ್ ಒಣ ಕೈಗೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಜನ ಮೈ ಮರೆಯುತ್ತಾರೆ. ಇಲ್ಲಿನ ಅಪಾಯ ಶಾಕ್ ಅಲ್ಲ, ಸುಡುವುದು. ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯಬಹುದು, ಅಲ್ಲೇ ಅಂಟಿಕೊಳ್ಳಬಹುದು. ಬೆರಳಲ್ಲಿ ಉಂಗುರ, ಕೈಯಲ್ಲಿ ಬಳೆ ಅಥವಾ ಲೋಹದ ವಾಚು ಇದ್ದರೆ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ.

ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಒಂದು ಕಿಡಿ ಸಾಕು. ಚಾರ್ಜ್ ಮುಗಿದ ಕೂಡಲೇ ಟರ್ಮಿನಲ್ ಬಿಚ್ಚಲು ಹೋಗಬೇಡಿ, ಗಾಳಿಯಾಡಲು ಬಿಡಿ. ಕಣ್ಣಿಗೆ ಕನ್ನಡಕ ಇರಲಿ, ಒಳಗಿರುವುದು ಗಂಧಕಾಮ್ಲ. ಚೆಲ್ಲಿದ ಆಮ್ಲದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರು ಹಾಕಿದರೆ ಅದು ಸತ್ವ ಕಳೆದುಕೊಳ್ಳುತ್ತದೆ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು.

ಇನ್ನೊಂದು, ಬಹಳ ಮುಖ್ಯ. ಗಾಡಿ ಓಡಿಸುತ್ತಲೇ ಅಳೆಯುವ ಪರೀಕ್ಷೆ ಬಿಟ್ಟರೆ, ಮೋಟರಿಗೆ ಕರೆಂಟ್ ಕೊಟ್ಟು ನೋಡುವ ಯಾವ ಪರೀಕ್ಷೆಗೂ ಮುಂಚೆ ಎಳೆಯುವ ಚಕ್ರಗಳನ್ನು ನೆಲದಿಂದ ಎತ್ತಿ ಗಟ್ಟಿ ಆಧಾರದ ಮೇಲೆ ನಿಲ್ಲಿಸಿ. ಹುಲ್ಲು ಕತ್ತರಿಸುವ ಬ್ಲೇಡಿನ ಸಂಪರ್ಕ ತಪ್ಪಿಸಿ. ಸತ್ತಂತಿದ್ದ ಗಾಡಿ ಸರಿಹೋದ ಆ ಕ್ಷಣದಲ್ಲೇ ಮುಂದಕ್ಕೆ ನುಗ್ಗುತ್ತದೆ, ಎದುರಿಗೆ ಕೂತಿರುವುದು ನೀವೇ ಅಲ್ವಾ?

ಬ್ಯಾಟರಿ: ಆರರಲ್ಲಿ ಒಂದು ಸೋತರೆ

ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸಂಖ್ಯೆ ಉಬ್ಬಿರುತ್ತದೆ. ಆರೋಗ್ಯವಾಗಿರುವ 6 ವೋಲ್ಟಿನ ಬ್ಯಾಟರಿ ಸುಮಾರು 6.3ರಿಂದ 6.4 ವೋಲ್ಟ್ ತೋರಿಸುತ್ತದೆ, ಆರೂ ಸೇರಿ 38ರ ಆಸುಪಾಸು. ಒಟ್ಟು 36.5ಕ್ಕೆ ಬಂದಿದ್ದರೆ ಹೆಚ್ಚುಕಡಿಮೆ ಅರ್ಧ ಖಾಲಿ.

ಒಟ್ಟು ಅಳತೆಯಷ್ಟೇ ನೋಡಿ ಸಮಾಧಾನಪಡಬೇಡಿ. ಒಂದೊಂದನ್ನೂ ಬೇರೆ ಬೇರೆ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಎಲ್ಲದರ ಮೂಲಕವೂ ಅದೇ ಕರೆಂಟ್ ಹರಿಯಬೇಕು. ಒಂದು ಸೋತರೆ ಉಳಿದ ಐದು ಗಟ್ಟಿಯಾಗಿದ್ದರೂ ಗಾಡಿ ಸೊರಗುತ್ತದೆ. ಸಾಲಾಗಿ ನಿಂತು ಇಟ್ಟಿಗೆ ದಾಟಿಸುವ ಆರು ಜನರಲ್ಲಿ ಒಬ್ಬ ಸುಸ್ತಾದ ಹಾಗೆ.

ಸೋತಿರುವುದು ಯಾವುದು? ವಿಶ್ರಾಂತಿಯಲ್ಲಿ ಆರೂ ಒಂದೇ ತರಹ ಕಾಣಬಹುದು. ಗಾಡಿಗೆ ಭಾರ ಬಿದ್ದಾಗ ಅಳೆಯಬೇಕು. ಮೀಟರಿನ ವೈರುಗಳನ್ನು ಉದ್ದ ಮಾಡಿ ಕ್ಲಿಪ್ ಸಿಕ್ಕಿಸಿ, ಗಾಡಿಯನ್ನು ಬಯಲಿನ ಏರಿನಲ್ಲಿ ನಿಧಾನ ಓಡಿಸುತ್ತಾ ಸಂಖ್ಯೆ ನೋಡಿ. ಒಂದೊಂದು ಸುತ್ತಿಗೆ ಒಂದೊಂದು ಬ್ಯಾಟರಿ. ಐದು ಬ್ಯಾಟರಿ 5.9ರಲ್ಲಿ ನಿಂತು ಒಂದು ಮಾತ್ರ 4ಕ್ಕೆ ಜಾರಿದರೆ ಕಳ್ಳ ಸಿಕ್ಕ. ಭಾರದಲ್ಲಿ ಒಂದು ಸೆಲ್ಲಿಗೆ (ಬ್ಯಾಟರಿಯೊಳಗಿನ ಒಂದು ಕೋಣೆಗೆ) 1.75 ವೋಲ್ಟ್, ಅಂದರೆ ಮೂರು ಸೆಲ್ಲಿರುವ 6 ವೋಲ್ಟಿನ ಬ್ಯಾಟರಿಗೆ 5.25, ಇದಕ್ಕಿಂತ ಕೆಳಗೆ ಇಳಿಸಬಾರದು ಎನ್ನುವುದು ರೂಢಿಯ ಮಿತಿ. ತೀರಾ ಸೋತ ಬ್ಯಾಟರಿಯನ್ನು ಹಾಗೇ ಓಡಿಸಿದರೆ ಉಳಿದವು ಅದರೊಳಗೆ ಕರೆಂಟ್ ನೂಕಿ ಪ್ಲಸ್ಸು ಮೈನಸ್ಸು ತಿರುಗಿ ಬೀಳುವುದೂ ಉಂಟು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನೇರ ಉತ್ತರ ಕೊಡುತ್ತದೆ. ಅದು ಆಮ್ಲದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಪೂರ್ತಿ ಚಾರ್ಜಾದ ಸೆಲ್ಲಿನಲ್ಲಿ 1.265ರಿಂದ 1.280 ತೋರಿಸುತ್ತದೆ. ಒಂದೇ ಬ್ಯಾಟರಿಯ ಮೂರು ಸೆಲ್ಲುಗಳಲ್ಲಿ ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸೆಲ್ಲು ಕೆಟ್ಟಿದೆ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಮ್ಲ ಹಾಕಬೇಡಿ. ಅನಿಲವಾಗಿ, ಆವಿಯಾಗಿ ಹೋಗಿರುವುದು ನೀರು.

ದೊಡ್ಡ ದಾರಿ: ವೋಲ್ಟೇಜ್ ಎಲ್ಲಿ ಕಳೆದುಹೋಯಿತು?

ಸರಿ, ಬ್ಯಾಟರಿ ಚೆನ್ನಾಗಿದೆ, ಕ್ಲಿಕ್ ಬರುತ್ತಿದೆ, ಆದರೂ ಮೋಟರ್ ತಿರುಗುತ್ತಿಲ್ಲ. ಈಗ ನನ್ನ ಕಥೆಗೆ ವಾಪಸ್ ಬರೋಣ.

ಇಲ್ಲಿ ಬಳಸುವ ಪರೀಕ್ಷೆಗೆ ‘ವೋಲ್ಟೇಜ್ ಡ್ರಾಪ್’ ಅನ್ನುತ್ತಾರೆ. ಸಾಮಾನ್ಯವಾಗಿ ಮೀಟರಿನ ಒಂದು ಮೊನೆಯನ್ನು ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಹಿಡಿಯುತ್ತೇವೆ. ಇಲ್ಲಿ ಹಾಗಲ್ಲ. ಒಂದೇ ಕೇಬಲ್ಲಿನ ಎರಡು ತುದಿಗೆ ಎರಡು ಮೊನೆ ಹಿಡಿಯಬೇಕು. ಕೇಬಲ್ ಸರಿಯಿದ್ದರೆ ಎರಡೂ ತುದಿಯಲ್ಲಿ ಒತ್ತಡ ಒಂದೇ, ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಕೆಟ್ಟಿದ್ದರೆ ಅಲ್ಲಿ ತಿಂದುಹಾಕಿದ ವೋಲ್ಟೇಜ್ ನೇರವಾಗಿ ಮೀಟರಿನಲ್ಲಿ ಕಾಣುತ್ತದೆ. ಯಾವುದನ್ನೂ ಬಿಚ್ಚಬೇಕಿಲ್ಲ, ಊಹೆ ಮಾಡಬೇಕಿಲ್ಲ. ಆದರೆ ಪೆಡಲ್ ಒತ್ತಿ ಕಾಂಟ್ಯಾಕ್ಟರ್ ದಾರಿಯನ್ನು ಜೋಡಿಸಿರಬೇಕು.

ಚಕ್ರ ಎತ್ತಿ, ಒಬ್ಬರಿಗೆ ಪೆಡಲ್ ಒತ್ತಿ ಹಿಡಿಯಲು ಹೇಳಿ, ನಾನು ಒಂದೊಂದೇ ಜೋಡಣೆ ಅಳೆಯುತ್ತಾ ಬಂದೆ. ಬ್ಯಾಟರಿಗಳ ನಡುವಿನ ಐದು ತುಂಡು ಕೇಬಲ್, ಎಲ್ಲ ಸೊನ್ನೆ. ಫ್ಯೂಸಿನ ಎರಡು ಬದಿ, ಸೊನ್ನೆ. ಕಾಂಟ್ಯಾಕ್ಟರಿನ ಎರಡು ದಪ್ಪ ಬೋಲ್ಟು, ಸೊನ್ನೆ. ಕಾಂಟ್ಯಾಕ್ಟರಿನಿಂದ ಮೋಟರಿಗೆ ಹೋಗುವ ಒಂದಡಿ ಕೇಬಲ್ಲಿಗೆ ಹಿಡಿದೆ. ಪೂರ್ತಿ 37 ವೋಲ್ಟ್! ಹೊರಗಿನಿಂದ ನೋಡಿದರೆ ಆ ಕೇಬಲ್ಲಿಗೆ ಏನೂ ಆಗಿರಲಿಲ್ಲ. ತುದಿಯ ಲಗ್, ಅಂದರೆ ಬೋಲ್ಟಿಗೆ ಕೂರುವ ಲೋಹದ ಬಳೆ, ಹೊಳೆಯುತ್ತಿತ್ತು. ಸಿಪ್ಪೆ ಸೀಳಿ ನೋಡಿದರೆ ಲಗ್ಗಿನ ಒಳಗೆ ತಾಮ್ರದ ಎಳೆಗಳೆಲ್ಲ ಹಸಿರು ಪುಡಿಯಾಗಿದ್ದವು. ಒಂದಡಿ ಕೇಬಲ್ಲಿಗಾಗಿ ಎರಡು ಬ್ಯಾಟರಿ ತಂದ ಜಾಣ ನಾನು.

ನನ್ನ ಗಾಡಿಯಲ್ಲಿ ದಾರಿ ಪೂರ್ತಿ ಕಡಿದಿತ್ತು, ಹಾಗಾಗಿ ಸುಲಭವಾಗಿ ಸಿಕ್ಕಿತು. ಗಾಡಿ ಓಡುತ್ತಿದ್ದು ಎಳೆತ ಮಾತ್ರ ಕಡಿಮೆ ಇದ್ದರೆ ಭಾರ ಹಾಕಿಯೇ ಅಳೆಯಬೇಕು, ಎತ್ತಿದ ಚಕ್ರ ತಿರುಗಿಸಲು ಮೋಟರಿಗೆ ಹೆಚ್ಚು ಕರೆಂಟ್ ಬೇಕಿಲ್ಲ. ಒಳ್ಳೆಯ ಜೋಡಣೆಯಲ್ಲಿ ಭಾರದ ಹೊತ್ತಲ್ಲೂ ಕಳೆಯುವುದು ವೋಲ್ಟಿನ ನೂರನೇ ಒಂದೆರಡು ಪಾಲು ಅಷ್ಟೇ. ಕಾಲು ವೋಲ್ಟ್ ದಾಟಿದರೆ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡಿ. ಆರು ಬ್ಯಾಟರಿಗೆ ಹನ್ನೆರಡು ಟರ್ಮಿನಲ್. ಹನ್ನೆರಡರಲ್ಲಿ ಒಂದು ಸಾಕು ಕೆಲಸ ಕೆಡಿಸಲು.

ಕಾಂಟ್ಯಾಕ್ಟರಿನ ಮೇಲೆಯೇ ವೋಲ್ಟೇಜ್ ಕಂಡರೆ ಒಳಗಿನ ಪಟ್ಟಿ ಕಿಡಿ ಹಾರಿ ಹಾರಿ ಸುಟ್ಟು ಗುಳಿ ಬಿದ್ದಿದೆ. ಬ್ಯಾಟರಿಯ ಡಿಸಿ ಕರೆಂಟ್ ಗೋಡೆಯ ಪ್ಲಗ್ಗಿನ ಎಸಿ ಕರೆಂಟಿನ ಹಾಗೆ ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿಯುವುದಿಲ್ಲ. ಅದಕ್ಕೇ ಒಮ್ಮೆ ಎದ್ದ ಕಿಡಿ ಬೇಗ ಆರುವುದಿಲ್ಲ. ಮನೆಯ ಎಸಿ ಸ್ವಿಚ್ಚು, ಫ್ಯೂಸುಗಳನ್ನು ಇಲ್ಲಿ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಕೆಲವೊಮ್ಮೆ ಪಟ್ಟಿಗಳು ಬೆಸೆದುಕೊಂಡು ಕೀಲಿ ತೆಗೆದರೂ ಗಾಡಿ ನಿಲ್ಲುವುದಿಲ್ಲ. ಮುಖ್ಯ ಸಂಪರ್ಕ ಕಡಿಯುವ ಸ್ವಿಚ್ಚು ಅಥವಾ ಪ್ಲಗ್ಗು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಕ್ಲಿಕ್ಕೇ ಬರದಿದ್ದರೆ

ಸಣ್ಣ ದಾರಿಯ ಸ್ವಿಚ್ಚುಗಳು ಸುರಕ್ಷತೆಗಾಗಿ ಇರುವಂಥವು. ಸೀಟಿನಲ್ಲಿ ಯಾರೂ ಇಲ್ಲದಿದ್ದರೆ, ಬ್ಲೇಡ್ ಆನ್ ಆಗಿದ್ದರೆ, ಗಾಡಿ ಹೊರಡಬಾರದು. ಎಲ್ಲ ಸ್ವಿಚ್ಚೂ ಒಪ್ಪಿದರೆ ಮಾತ್ರ ಅಪ್ಪಣೆ. ಹಾಗಾಗಿ ಉಪಕರಣ ತೆಗೆಯುವ ಮುಂಚೆ ಸೀಟಿನ ಮೇಲೆ ಸರಿಯಾಗಿ ಕೂತು, ಬ್ಲೇಡ್ ಆಫ್ ಮಾಡಿ, ಬ್ರೇಕ್ ಒತ್ತಿ ಇನ್ನೊಮ್ಮೆ ನೋಡಿ. ನಗಬೇಡಿ, ‘ಕೆಟ್ಟ’ ಗಾಡಿ ಹೀಗೆ ಸರಿಹೋಗಿದ್ದನ್ನು ಕಂಡಿದ್ದೇನೆ.

ಆಗಲಿಲ್ಲವೇ? ಸಣ್ಣ ಫ್ಯೂಸ್ ನೋಡಿ. ಅದೂ ಸರಿಯಿದ್ದರೆ ಸರಪಳಿಯ ನಡುಮಧ್ಯಕ್ಕೆ ಮೀಟರ್ ಹಿಡಿಯಿರಿ, ಒಂದು ಮೊನೆ ಬ್ಯಾಟರಿಯ ಮೈನಸ್ಸಿನಲ್ಲೇ ಇರಲಿ. ಅಲ್ಲಿ ವೋಲ್ಟೇಜ್ ಇದ್ದರೆ ಮೊದಲರ್ಧ ಸರಿ, ದೋಷ ಮುಂದೆ. ಇಲ್ಲದಿದ್ದರೆ ದೋಷ ಹಿಂದೆ. ಮತ್ತೆ ಉಳಿದ ಅರ್ಧದ ಮಧ್ಯಕ್ಕೆ ಹೋಗಿ. ಎಂಟು ಜೋಡಣೆ ಇದ್ದರೆ ಮೂರು ಅಳತೆಯಲ್ಲಿ ಜಾಗ ಸಿಗುತ್ತದೆ.

ಕಾಯಿಲಿನ ಎರಡು ಸಣ್ಣ ಟರ್ಮಿನಲ್ಲಿಗೂ ವೋಲ್ಟೇಜ್ ಬರುತ್ತಿದೆ, ಆದರೂ ಕ್ಲಿಕ್ ಇಲ್ಲ ಅಂದರೆ ಕಾಯಿಲ್ ಸುಟ್ಟಿರಬಹುದು. ಆದರೆ ಇಲ್ಲೊಂದು ಮೋಸ ಇದೆ. ಡಿಜಿಟಲ್ ಮೀಟರ್ ಅಳೆಯಲು ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ, ಒಂದೇ ಎಳೆಯಲ್ಲಿ ನೇತಾಡುವ ವೈರಿನಲ್ಲೂ ಪೂರ್ತಿ 36 ವೋಲ್ಟ್ ತೋರಿಸುತ್ತದೆ. ಕಾಯಿಲಿನ ವೈರು ಬಿಚ್ಚಿ ಬರೀ ಮೀಟರಿನಲ್ಲಿ ನೋಡಿದಾಗ ಇದು ಆಗುತ್ತದೆ. ಮತ್ತೆ ಅದೇ ಮುಚ್ಚಿದ ನಲ್ಲಿಯ ಕಥೆ. ವೈರು ಕಾಯಿಲಿಗೆ ಜೋಡಿಸಿಯೇ ಅಳೆಯಿರಿ. ಇಲ್ಲವೇ ಆ ವೋಲ್ಟೇಜಿಗೆ ಹೊಂದುವ ಒಂದು ಬಲ್ಬಿಗೆ ಎರಡು ವೈರು ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಬಲ್ಬು ಉರಿಯಲು ನಿಜವಾದ ಕರೆಂಟ್ ಬೇಕು, ಅದು ಸುಳ್ಳು ಹೇಳುವುದಿಲ್ಲ.

ಸೀಟಿನ ಸ್ವಿಚ್ ಕೆಟ್ಟಿದೆ ಎಂದು ಗೊತ್ತಾದರೆ ಎರಡು ವೈರು ಸೇರಿಸಿ ಸುತ್ತಿಬಿಡುವ ಆಸೆಯಾಗುತ್ತದೆ. ಪರೀಕ್ಷೆಗೆ, ಚಕ್ರ ಎತ್ತಿರುವಾಗ, ಒಂದು ನಿಮಿಷ ಸರಿ. ಹಾಗೇ ಬಿಟ್ಟರೆ, ನೀವು ಬಿದ್ದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ.

ಮೋಟರ್

ಮೋಟರ್ ಸುಲಭಕ್ಕೆ ಕೆಡುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಹಳೆಯ ಬಗೆಯ ಮೋಟರಿನಲ್ಲಿ ಸವೆಯುವುದು ಕಾರ್ಬನ್ ಬ್ರಷ್ಷುಗಳು. ತಿರುಗುವ ಭಾಗದ ತಾಮ್ರದ ಉರುಳೆಗೆ ಒತ್ತಿಕೊಂಡು ಕರೆಂಟ್ ದಾಟಿಸುವ ಇದ್ದಿಲಿನ ತುಂಡುಗಳು ಅವು. ಆ ಉರುಳೆಗೆ ಕಮ್ಯುಟೇಟರ್ ಎಂದು ಹೆಸರು. ಬ್ರಷ್ ಸವೆದು ಗಿಡ್ಡವಾದರೆ ಸ್ಪ್ರಿಂಗ್ ಒತ್ತುವುದಿಲ್ಲ. ಮೋಟರನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿ ಮತ್ತೆ ನಿಂತರೆ ಬ್ರಷ್ಷನ್ನೇ ಅನುಮಾನಿಸಿ. ಕಮ್ಯುಟೇಟರ್ ನಯವಾಗಿ ಕಂದು ಬಣ್ಣದಲ್ಲಿದ್ದರೆ ಆರೋಗ್ಯ, ಕಪ್ಪಗೆ ಗೀರು ಬಿದ್ದಿದ್ದರೆ ಅಲ್ಲ.

ಒಂದು ವಿಚಿತ್ರ ದೋಷ ಹೇಳಲೇಬೇಕು. ಕೆಲವು ಮೋಟರುಗಳಲ್ಲಿ ಅಯಸ್ಕಾಂತ ಹುಟ್ಟಿಸಲು ‘ಫೀಲ್ಡ್’ ಎಂಬ ಬೇರೆ ಸುರುಳಿ ಇರುತ್ತದೆ, ಅದಕ್ಕೆ ತೆಳು ವೈರಿನಲ್ಲಿ ಬೇರೆಯೇ ಕರೆಂಟ್ ಹೋಗುತ್ತದೆ. ಫೀಲ್ಡ್ ಕರೆಂಟ್ ಕಡಿಮೆ ಮಾಡಿದರೆ ಇಂಥ ಮೋಟರ್ ಜಾಸ್ತಿ ವೇಗವಾಗಿ ತಿರುಗುತ್ತದೆ. ಎಳೆಯುವ ಬಲ ಕುಗ್ಗುತ್ತದೆ. ಆ ತೆಳು ವೈರು ಕಡಿದರೆ? ಭಾರವಿಲ್ಲದ ಮೋಟರ್ ಮಿತಿಮೀರಿ ವೇಗ ಹಿಡಿಯಬಹುದು, ಭಾರವಿದ್ದರೆ ನಿಂತಲ್ಲೇ ಅತಿಯಾದ ಕರೆಂಟ್ ಎಳೆದು ಫ್ಯೂಸ್ ಸುಡಬಹುದು. ಫ್ಯೂಸ್ ಮತ್ತೆ ಮತ್ತೆ ಹೋದಾಗ ದೊಡ್ಡ ಫ್ಯೂಸ್ ಹಾಕದೆ ಮೊದಲು ಫೀಲ್ಡ್ ವೈರು ನೋಡಿ.

ಲಿಥಿಯಂ ಮತ್ತು ಕಂಟ್ರೋಲರ್ ಇರುವ ಗಾಡಿ

ಲಿಥಿಯಂ ಪ್ಯಾಕಿನೊಳಗೆ ಬಿಎಂಎಸ್ ಎಂಬ ಕಾವಲುಗಾರ ಸರ್ಕ್ಯೂಟ್ ಇರುತ್ತದೆ. ಯಾವುದೇ ಸೆಲ್ ತೀರಾ ಇಳಿದರೆ, ಬಿಸಿಯಾದರೆ, ಕರೆಂಟ್ ಮಿತಿ ಮೀರಿದರೆ ಅದು ಪೂರ್ತಿ ಪ್ಯಾಕನ್ನೇ ಕಡಿದುಬಿಡುತ್ತದೆ. ಅದಕ್ಕೇ ಸೀಸದ ಗಾಡಿ ನಿಧಾನವಾಗಿ ಸೊರಗಿ ನಿಂತರೆ ಲಿಥಿಯಂ ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಚಾರ್ಜರಿಗೆ ಹಾಕಿದಾಗ ಜೀವ ಬಂದರೆ ಕಾವಲುಗಾರ ತನ್ನ ಕೆಲಸ ಮಾಡಿದ್ದಾನೆ ಎಂದು ತಿಳಿಯಿರಿ. ಪದೇ ಪದೇ ಹೀಗಾದರೆ ಒಳಗೆ ಒಂದು ಸೆಲ್ ಸೋತಿದೆ. ಪ್ಯಾಕ್ ಬಿಚ್ಚುವುದು ಮಾತ್ರ ಮನೆಯಲ್ಲಿ ಮಾಡುವ ಕೆಲಸವಲ್ಲ.

ಕಂಟ್ರೋಲರಿನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ದೀಪ ಮಿನುಗುತ್ತದೆ. ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಎಂದು ಎಣಿಸಿ, ಗಾಡಿಯ ಕೈಪಿಡಿಯ ಪಟ್ಟಿಯಲ್ಲಿ ನೋಡಿದರೆ ದೋಷದ ಹೆಸರೇ ಸಿಗುತ್ತದೆ. ಪೆಡಲ್ ಸೆನ್ಸರ್, ಅದರ ಪ್ಲಗ್ಗಿನಲ್ಲಿ ಕೂತ ತೇವ, ಇವು ಮೊದಲು ನೋಡಬೇಕಾದವು. ಮುಖ್ಯ ಸಂಪರ್ಕ ಕಡಿದ ಮೇಲೂ ಕಂಟ್ರೋಲರಿನೊಳಗಿನ ಕೆಪಾಸಿಟರುಗಳು ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ, ಕೂಡಲೇ ಟರ್ಮಿನಲ್ ಮುಟ್ಟಬೇಡಿ.

ಬಂದು ಹೋಗುವ ದೋಷ

ಎಲ್ಲಕ್ಕಿಂತ ತಲೆ ತಿನ್ನುವುದು ಇದು. ಗುಂಡಿಯಲ್ಲಿ ಕುಲುಕಿದಾಗ ನಿಲ್ಲುತ್ತದೆ, ಮನೆಗೆ ತಳ್ಳಿಕೊಂಡು ಬಂದರೆ ಓಡುತ್ತದೆ. ಇದಕ್ಕೆ ಮೀಟರ್ ಹಿಡಿದು ಕೂತರೆ ಸಾಲದು. ಚಕ್ರ ಎತ್ತಿ, ಟೆಸ್ಟ್ ಲ್ಯಾಂಪನ್ನು ಕಾಂಟ್ಯಾಕ್ಟರ್ ಕಾಯಿಲಿಗೆ ಸಿಕ್ಕಿಸಿ, ಪೆಡಲ್ ಒತ್ತಿಟ್ಟು, ತಿರುಗುವ ಭಾಗಗಳಿಂದ ಕೈ ದೂರವಿಟ್ಟು ಸಣ್ಣ ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿ. ಯಾವ ವೈರು ಮುಟ್ಟಿದಾಗ ದೀಪ ಕಣ್ಣು ಮಿಟುಕಿಸುತ್ತದೋ ಅದೇ. ದಪ್ಪ ಕೇಬಲ್ಲುಗಳಿಗೆ ಬೇರೆ ಉಪಾಯ: ಅರ್ಧ ಗಂಟೆ ಗಾಡಿ ದುಡಿಸಿ, ನಿಲ್ಲಿಸಿ, ಮುಖ್ಯ ಸಂಪರ್ಕ ಕಡಿದು ಪ್ರತಿ ಟರ್ಮಿನಲ್ಲಿನ ಹತ್ತಿರ ಕೈ ಒಯ್ದು ನೋಡಿ. ಹನ್ನೊಂದು ತಣ್ಣಗಿದ್ದು ಒಂದು ಬಿಸಿ ಉಗುಳುತ್ತಿದ್ದರೆ, ಸ್ಪ್ಯಾನರ್ ತೆಗೆದುಕೊಂಡು ಅಲ್ಲಿಂದಲೇ ಶುರು ಮಾಡಿ.